ಮೂಲೆ ಸೇರಿದ ಗಾರ್ಡನ್ ಟ್ರ್ಯಾಕ್ಟರಿಗೆ ಮತ್ತೆ ಜೀವ

ಹಳೆಯ ಗಾರ್ಡನ್ ಟ್ರ್ಯಾಕ್ಟರುಗಳ ಬಗ್ಗೆ ಈ ಸಲ ಬಂದ ಪ್ರಶ್ನೆಗಳೇ ಹೆಚ್ಚು. ಹುಲ್ಲು ಕತ್ತರಿಸಲು, ಪುಟ್ಟ ಟ್ರೇಲರ್ ಎಳೆಯಲು ಬಳಸುವ ಈ ಗಾಡಿಗಳಲ್ಲಿ ಬಹುಪಾಲು ಗಾಳಿಯಿಂದ ತಣಿಯುವ ಒಂದೇ ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನವು. 1961ರಲ್ಲಿ ಬಂದ ಮೊದಲ ಕಬ್ ಕೆಡೆಟ್, 1963ರ ಜಾನ್ ಡಿಯರ್ 110 ಎರಡರಲ್ಲೂ ಇದ್ದದ್ದು 7 ಎಚ್‌ಪಿಯ ಕೋಲರ್ ಎಂಜಿನ್. ವಾಲ್ವುಗಳು ಹೆಡ್ಡಿನಲ್ಲಿರದೆ ಸಿಲಿಂಡರಿನ ಪಕ್ಕದಲ್ಲಿರುವ, ಬಿಚ್ಚಿ ಕೂಡಿಸಲು ಸುಲಭವಾದ ಕಟ್ಟು ಅದು. ಕೆಳಗೆ ಕೊಟ್ಟ ಅಳತೆಗಳು ಇಂಥ ಎಂಜಿನ್ನುಗಳಿಗೆ ಸಾಮಾನ್ಯವಾಗಿ ಹೊಂದುತ್ತವೆ. ನಿಮ್ಮ ಎಂಜಿನ್ನಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ.

ಪ್ರಶ್ನೆ: ಹತ್ತು ವರ್ಷಕ್ಕೂ ಮೇಲೆ ಶೆಡ್ಡಿನಲ್ಲಿ ನಿಂತಿದ್ದ 12 ಎಚ್‌ಪಿ ಟ್ರ್ಯಾಕ್ಟರ್ ಸಿಕ್ಕಿದೆ. ಎಂಜಿನ್ ಕೈಯಲ್ಲಿ ತಿರುಗುತ್ತಿಲ್ಲ. ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದರೆ ಬಿಡಿಸಿಕೊಳ್ಳುತ್ತದೆಯೇ?

ದಯವಿಟ್ಟು ಹೊಡೆಯಬೇಡಿ. ಜಾಮ್ ಆದ ಎಂಜಿನ್ನಿಗೆ ಸೆಲ್ಫ್ ಹೊಡೆದರೆ ಮೊದಲು ಹೋಗುವುದು ಸ್ಟಾರ್ಟರಿನ ಗೇರ್, ಆಮೇಲೆ ಫ್ಲೈವೀಲಿನ ಹಲ್ಲು. ತುಕ್ಕು ಹಿಡಿದ ರಿಂಗ್ ಬಲವಂತಕ್ಕೆ ಕದಲಿದರೂ ಸಿಲಿಂಡರಿನ ಗೋಡೆಯನ್ನು ಗೀರಿಕೊಂಡೇ ಕದಲುತ್ತದೆ.

ಜಾಮ್ ಆಗಿರುವುದು ಎಂಜಿನ್ನೇ ಹೌದೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಗೇರ್ ನ್ಯೂಟ್ರಲಿಗೆ ತನ್ನಿ, ಬ್ಲೇಡಿನ ಲಿವರ್ ಬಿಡಿಸಿ, ಬೆಲ್ಟ್ ಕಳಚಿ ನೋಡಿ. ಎಷ್ಟೋ ಸಲ ಹಿಡಿದುಕೊಂಡಿರುವುದು ಹುಲ್ಲು ಕತ್ತರಿಸುವ ಡೆಕ್ಕಿನ ಬೇರಿಂಗ್ ಆಗಿರುತ್ತದೆ, ಬೈಗುಳ ಎಂಜಿನ್ನಿಗೆ ಬೀಳುತ್ತದೆ.

ಎಂಜಿನ್ನೇ ಆಗಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ಎಟಿಎಫ್ ಎಣ್ಣೆ (ಆಟೊಮ್ಯಾಟಿಕ್ ಗೇರ್ ಪೆಟ್ಟಿಗೆಗೆ ಹಾಕುವ ಎಣ್ಣೆ), ಅಸಿಟೋನ್ ಎರಡನ್ನೂ ಸಮಪಾಲು ಸೇರಿಸಿ ಪ್ಲಗ್ಗಿನ ತೂತಿನಲ್ಲಿ 15ರಿಂದ 20 ಮಿ.ಲೀ. ಬಿಡಿ. ಇವೆರಡೂ ನಿಂತಲ್ಲೇ ಬೇರೆಯಾಗುತ್ತವೆ, ಹಾಗಾಗಿ ಪ್ರತಿ ಸಲವೂ ಕುಲುಕಿಯೇ ಸುರಿಯಬೇಕು. ಅಸಿಟೋನ್ ಬೆಂಕಿಗೆ ಬಹಳ ಬೇಗ ಹತ್ತಿಕೊಳ್ಳುತ್ತದೆ, ಪೇಂಟನ್ನೂ ತಿನ್ನುತ್ತದೆ. ಬಯಲಿನಲ್ಲಿ, ಬೀಡಿ ದೀಪಗಳಿಂದ ದೂರದಲ್ಲಿ ಮಾಡಿ. ಎರಡು ಮೂರು ದಿನ ಬಿಟ್ಟು ಇನ್ನಷ್ಟು ಬಿಡಿ. ಆಮೇಲೆ ಕ್ರ್ಯಾಂಕಿನ ತುದಿಯ ಬೋಲ್ಟಿಗೆ ಸಾಕೆಟ್ ಹಾಕಿ ಒಂದು ಅಡಿ ಉದ್ದದ ಹಿಡಿಯಿಂದ ಆ ಕಡೆ ಈ ಕಡೆ ಮೆಲ್ಲಗೆ ಅಲುಗಿಸಿ. ಒಂದೇ ಕಡೆ ಒತ್ತುವುದಲ್ಲ, ಅಲುಗಿಸುವುದು. ಕೂದಲೆಳೆಯಷ್ಟು ಕದಲಿದರೂ ಗೆದ್ದಂತೆ, ಎಣ್ಣೆ ಅಲ್ಲಿಂದ ಒಳಗಿಳಿಯುತ್ತದೆ. ಹಿಡಿಗೆ ಉದ್ದನೆಯ ಪೈಪ್ ತೂರಿಸಬೇಡಿ, ಫ್ಲೈವೀಲಿನ ರೆಕ್ಕೆಗಳ ನಡುವೆ ಕಬ್ಬಿಣ ಕೊಟ್ಟು ಮೀಟಬೇಡಿ. ಆ ರೆಕ್ಕೆಗಳು ಬಿಸ್ಕತ್ತಿನಂತೆ ಮುರಿಯುತ್ತವೆ.

ವಾರವಾದರೂ ಕದಲದಿದ್ದರೆ ಹೆಡ್ ತೆಗೆಯಿರಿ. ಪಕ್ಕದ ವಾಲ್ವಿನ ಎಂಜಿನ್ನಿನಲ್ಲಿ ಇದು ಅರ್ಧ ಗಂಟೆಯ ಕೆಲಸ. ಬೋಲ್ಟುಗಳನ್ನು ಅಡ್ಡಡ್ಡ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಯಾವ ಬೋಲ್ಟು ಯಾವ ತೂತಿನದು ಎಂಬುದನ್ನು ಒಂದು ರಟ್ಟಿನ ಮೇಲೆ ಹೆಡ್ಡಿನ ಚಿತ್ರ ಬರೆದು ಅಲ್ಲೇ ಚುಚ್ಚಿಡಿ, ಏಕೆಂದರೆ ಉದ್ದ ಬೇರೆ ಬೇರೆ ಇರಬಹುದು. ಒಳಗೆ ನೋಡಿದರೆ ಪಿಸ್ಟನ್ನಿನ ಮೇಲೆ ಸಿಲಿಂಡರಿನ ಸುತ್ತ ಕೆಂಪು ತುಕ್ಕಿನ ಬಳೆ ಕಾಣುತ್ತದೆ. ಅದನ್ನು ಎಣ್ಣೆ ಹಾಕಿ ನಯವಾದ ಉಪ್ಪುಕಾಗದದಿಂದ ಉಜ್ಜಿ ತೆಗೆದ ಮೇಲೆಯೇ ಪಿಸ್ಟನ್ ಕದಲಿಸಿ. ಪಿಸ್ಟನ್ನಿಗೆ ಪೆಟ್ಟು ಕೊಡಲೇಬೇಕಿದ್ದರೆ ಗಟ್ಟಿ ಮರದ ತುಂಡಿಟ್ಟು ಹಗುರಾಗಿ ಕೊಡಿ. ಪಿಸ್ಟನ್ ತೀರಾ ಮೇಲೆ ಅಥವಾ ತೀರಾ ಕೆಳಗೆ ನಿಂತಿದ್ದರೆ ಪೆಟ್ಟು ಪ್ರಯೋಜನಕ್ಕೆ ಬಾರದು. ಅದರ ಭಾರವೆಲ್ಲ ಕನೆಕ್ಟಿಂಗ್ ರಾಡಿನ ಮೇಲೆ ಬೀಳುತ್ತದೆ.

ಹೆಡ್ ತೆಗೆದಾಗಲೇ ಎರಡೂ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುತ್ತಿವೆಯೇ ನೋಡಿಕೊಳ್ಳಿ. ಹಳೆಯ ಪೆಟ್ರೋಲಿನ ಅಂಟಿಗೆ ವಾಲ್ವ್ ತೆರೆದಲ್ಲೇ ಅಂಟಿ ನಿಂತಿರುವುದು ತೀರಾ ಸಾಮಾನ್ಯ. ಹೆಡ್ ತೆಗೆಯದವರು, ಎಂಜಿನ್ ಸಲೀಸಾಗಿ ತಿರುಗುತ್ತದೆ ಆದರೆ ಕಂಪ್ರೆಷನ್ನೇ ಇಲ್ಲ ಎಂದಾದರೆ, ರಿಂಗ್ ಹೋಯಿತೆಂದು ಕೊರಗುವ ಮೊದಲು ವಾಲ್ವನ್ನು ಶಂಕಿಸಿ.

ತಿರುಗಲು ಶುರುವಾದ ಮೇಲೂ ಸ್ಟಾರ್ಟ್ ಮಾಡುವ ಆತುರ ಬೇಡ. ಹಳೆಯ ಎಂಜಿನ್ ಆಯಿಲ್ ಇಳಿಸಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಪೆಟ್ರೋಲ್ ವಾಸನೆ ಬಂದು ಪ್ರಮಾಣವೂ ಹೆಚ್ಚಿದ್ದರೆ ಕಾರ್ಬೊರೇಟರಿನ ಫ್ಲೋಟ್ ನೀಡಲ್ ಸೋರಿ, ಸಿಲಿಂಡರ್ ಮೂಲಕ ಪೆಟ್ರೋಲ್ ಕೆಳಗಿಳಿದಿದೆ. ಅದನ್ನು ಸರಿಪಡಿಸದೆ ಹೊಸ ಎಣ್ಣೆ ಹಾಕುವುದು ದಂಡ. ಎಸ್‌ಎಇ 30 ಎಣ್ಣೆಯನ್ನು ಡಿಪ್‌ಸ್ಟಿಕ್ಕಿನ ಗುರುತಿನವರೆಗೆ ಹಾಕಿ. ಎಂಜಿನ್ನಿನ ಮೇಲಿನ ತಗಡಿನ ಹೊದಿಕೆಯನ್ನು ಬಿಚ್ಚಲೇಬೇಕು. ಅದರಡಿ ಇಲಿ ಗೂಡು ಕಟ್ಟಿ, ಹುಲ್ಲು ಬಟ್ಟೆ ಚೂರುಗಳಿಂದ ತಣಿಸುವ ರೆಕ್ಕೆಗಳ ಸಂದು ಮುಚ್ಚಿರುತ್ತದೆ. ಹಾಗೆಯೇ ಓಡಿಸಿದರೆ ಎಂಜಿನ್ ವಿಪರೀತ ಕಾಯ್ದು ಹೆಡ್ ಸೊಟ್ಟಗಾಗಬಹುದು, ವಾಲ್ವ್ ಸೀಟ್ ಸಡಿಲಬಹುದು. ಮೊದಲ ಒಂದು ಗಂಟೆ ಓಡಿದ ಮೇಲೆ, ಎಣ್ಣೆ ಬಿಸಿಯಿರುವಾಗಲೇ ಇಳಿಸಿ ಮತ್ತೆ ಹೊಸದು ತುಂಬಿ. ಕರಗಿದ ತುಕ್ಕು, ಅಸಿಟೋನಿನ ಪಸೆ, ಕೊಳೆ ಎಲ್ಲ ಅದರೊಂದಿಗೇ ಹೋಗಬೇಕು.

ಪ್ರಶ್ನೆ: ಪ್ಲಗ್ಗಿನಲ್ಲಿ ಕಿಡಿ ಬರುತ್ತಿಲ್ಲ. ಹೊಸ ಪ್ಲಗ್ ಹಾಕಿದ್ದಾಯಿತು. ಕಾಯಿಲ್ ಬದಲಿಸಬೇಕೇ?

ಕಾಯಿಲ್ ಕೊಳ್ಳುವುದು ಕೊನೆಯ ಹೆಜ್ಜೆಯಾಗಲಿ. ನಿಂತ ಗಾಡಿಯಲ್ಲಿ ಕಿಡಿ ಇಲ್ಲವಾದರೆ ಕಾರಣ ಹೆಚ್ಚಾಗಿ ಪಾಯಿಂಟ್ (ಎಂಜಿನ್ ತಿರುಗಿದಂತೆ ತೆರೆದು ಮುಚ್ಚಿ ಕಾಯಿಲಿನ ಕರೆಂಟ್ ಕಡಿಯುವ ಪುಟ್ಟ ಸ್ವಿಚ್), ಇಲ್ಲವೇ ಯಾವುದೋ ವೈರು.

ನಿಮ್ಮದು ಮ್ಯಾಗ್ನೆಟೊ ಇಗ್ನಿಷನ್ನೋ (ಫ್ಲೈವೀಲಿನ ಅಯಸ್ಕಾಂತದಿಂದಲೇ ಕಿಡಿ ಹುಟ್ಟುವಂಥದ್ದು) ಬ್ಯಾಟರಿ ಕಾಯಿಲಿನದೋ ತಿಳಿದುಕೊಳ್ಳಿ. ಮ್ಯಾಗ್ನೆಟೊ ಆದರೆ ಎಂಜಿನ್ ನಿಲ್ಲಿಸಲೆಂದು ಕೀ ಸ್ವಿಚ್ಚಿನಿಂದ ಬರುವ ಒಂದು ಸಣ್ಣ ವೈರ್ ಇರುತ್ತದೆ. ಅದು ಅರ್ಥ್ ಆದರೆ ಕಿಡಿ ನಿಲ್ಲುತ್ತದೆ. ಇಲಿ ಕಡಿದು ಎಲ್ಲಾದರೂ ಬಾಡಿಗೆ ತಾಗಿದ್ದರೂ ಅದೇ ಗತಿ. ಎಂಜಿನ್ನಿನ ಬಳಿ ಅದನ್ನು ಕಳಚಿ ಪರೀಕ್ಷಿಸಿ. ಕಿಡಿ ಬಂದರೆ ತಪ್ಪು ವೈರಿಂಗಿನಲ್ಲಿ ಅಥವಾ ಸೀಟಿನಡಿಯ ಸುರಕ್ಷಾ ಸ್ವಿಚ್ಚಿನಲ್ಲಿದೆ. ಒಂದು ಎಚ್ಚರ: ಈ ವೈರಿಗೆ ಬ್ಯಾಟರಿಯ 12 ವೋಲ್ಟ್ ಎಂದೂ ಕೊಡಬೇಡಿ, ಒಳ್ಳೆಯ ಕಾಯಿಲ್ ಕ್ಷಣದಲ್ಲಿ ಸುಟ್ಟುಹೋಗಬಹುದು. ಪರೀಕ್ಷೆ ಮುಗಿದ ಮೇಲೆ ವೈರನ್ನು ಮತ್ತೆ ಸೇರಿಸಿ, ಇಲ್ಲವಾದರೆ ಎಂಜಿನ್ ನಿಲ್ಲಿಸಲು ದಾರಿ ಇರುವುದಿಲ್ಲ.

ಬ್ಯಾಟರಿ ಕಾಯಿಲಿನದಾದರೆ ಕೀ ಆನ್ ಮಾಡಿ ಮಲ್ಟಿಮೀಟರ್ ಹಿಡಿಯಿರಿ. ಕಾಯಿಲಿನ ಪ್ಲಸ್ ತುದಿಯಲ್ಲಿ ಬ್ಯಾಟರಿಯ ವೋಲ್ಟೇಜ್ ಸರಿಸುಮಾರು ಪೂರ್ತಿ ಸಿಗಬೇಕು. ಮೈನಸ್ ತುದಿಯಲ್ಲಿ, ಎಂಜಿನ್ ಕೈಯಲ್ಲಿ ತಿರುಗಿಸಿದಂತೆ, ಪಾಯಿಂಟ್ ಮುಚ್ಚಿದಾಗ ಸೊನ್ನೆಯ ಹತ್ತಿರ, ತೆರೆದಾಗ 12ರ ಹತ್ತಿರ ತೋರಿಸಬೇಕು. ಯಾವಾಗಲೂ 12 ಇದ್ದರೆ ಪಾಯಿಂಟಿನ ಮುಖಕ್ಕೆ ತುಕ್ಕಿನ ಪೊರೆ ಬಂದಿದೆ. ಯಾವಾಗಲೂ ಸೊನ್ನೆ ಇದ್ದರೆ ಪಾಯಿಂಟ್ ತೆರೆಯುತ್ತಿಲ್ಲ ಅಥವಾ ಕಂಡೆನ್ಸರ್ ಶಾರ್ಟ್ ಆಗಿದೆ.

ಪಾಯಿಂಟಿನ ಎರಡು ಮುಖಗಳ ನಡುವೆ 400 ನಂಬರಿನ ಉಪ್ಪುಕಾಗದದ ಸಣ್ಣ ಪಟ್ಟಿಯನ್ನು ಎರಡು ಮೂರು ಸಲ ಎಳೆಯಿರಿ. ಅಷ್ಟಕ್ಕೇ ನಿಲ್ಲಿಸಿದರೆ ಉಳಿದ ಪುಡಿಯೇ ಮತ್ತೆ ಕರೆಂಟ್ ತಡೆಯುತ್ತದೆ. ಬಿಳಿ ಕಾಗದದ ಪಟ್ಟಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅದೇ ಸಂದಿನಲ್ಲಿ ಎಳೆಯಿರಿ. ಮೊದಲ ಪಟ್ಟಿ ಕಪ್ಪಗೆ ಬರುತ್ತದೆ, ಮೂರನೆಯದು ಬೂದು. ಕಾಗದ ಬಿಳಿಯಾಗಿಯೇ ಹೊರಬರುವವರೆಗೆ ಬಿಡಬೇಡಿ. ಆಮೇಲೆ ಪಾಯಿಂಟ್ ಪೂರ್ತಿ ತೆರೆದ ಸ್ಥಿತಿಯಲ್ಲಿ ಫೀಲರ್ ಗೇಜಿನಿಂದ 0.5 ಮಿ.ಮೀ. ಅಂತರ ಕೊಡಿ. ಕಾಯಿಲ್ ಫ್ಲೈವೀಲಿನ ಹೊರಗಿರುವ ಮ್ಯಾಗ್ನೆಟೊ ಎಂಜಿನ್ನಿನಲ್ಲಿ ಕಾಯಿಲಿಗೂ ಫ್ಲೈವೀಲಿನ ಅಯಸ್ಕಾಂತಕ್ಕೂ ನಡುವೆ ಸುಮಾರು 0.25 ಮಿ.ಮೀ. ಇರಬೇಕು. ಪ್ಲಗ್ಗಿನ ಅಂತರ ಮಾತ್ರ ಎಂಜಿನ್ನಿಂದ ಎಂಜಿನ್ನಿಗೆ ಬೇರೆ, ಹಲವದರಲ್ಲಿ 0.75 ಮಿ.ಮೀ.

ಪರೀಕ್ಷೆ ಮಾಡುವಾಗ ಪ್ಲಗ್ಗಿನ ಮೈ ಎಂಜಿನ್ನಿಗೆ ತಾಗಿರಲಿ, ಆದರೆ ಪ್ಲಗ್ ತೂತಿನಿಂದ ದೂರವಿರಲಿ. ಸಿಲಿಂಡರಿನಿಂದ ಉಗುಳುವ ಪೆಟ್ರೋಲ್ ಹಬೆಗೆ ಆ ಕಿಡಿ ಸಾಕು.

ಪ್ರಶ್ನೆ: ಕಿಡಿ ಚೆನ್ನಾಗಿದೆ, ಪೆಟ್ರೋಲ್ ಬರುತ್ತಿದೆ. ಆದರೂ ಸ್ಟಾರ್ಟ್ ಮಾಡುವಾಗ ಹಿಂದಕ್ಕೆ ಒದೆಯುತ್ತದೆ, ಕಾರ್ಬೊರೇಟರಿನಿಂದ ಢಂ ಎನ್ನುತ್ತದೆ.

ಫ್ಲೈವೀಲಿನ ಕೀ (ಫ್ಲೈವೀಲ್ ಕ್ರ್ಯಾಂಕಿನ ಮೇಲೆ ಸರಿಯಾದ ಜಾಗದಲ್ಲಿ ಕೂರುವಂತೆ ಇಟ್ಟ ಲೋಹದ ಸಣ್ಣ ತುಂಡು) ಕತ್ತರಿಸಿ ಕಿಡಿಯ ಹೊತ್ತು ತಪ್ಪಿದೆ ಎನ್ನುವುದು ಮೊದಲ ಅನುಮಾನ. ಬ್ಲೇಡ್ ಕಲ್ಲಿಗೋ ಬೇರಿಗೋ ಬಡಿದಾಗ ಹೀಗಾಗುತ್ತದೆ. ನಟ್ಟು ಬಿಚ್ಚಿ, ಪುಲ್ಲರಿನಿಂದ ಫ್ಲೈವೀಲ್ ಎತ್ತಿ ನೋಡಿ. ಕೀ ಪೂರ್ತಿ ತುಂಡಾಗಿರಬೇಕಿಲ್ಲ, ಕಾಲು ಭಾಗ ಜರುಗಿದ್ದರೂ ಸಾಕು. ಮೃದು ಲೋಹದ ಕೀ ಇದ್ದ ಎಂಜಿನ್ನಿಗೆ ಅದೇ ಹಾಕಿ, ಗಟ್ಟಿಯೆಂದು ಉಕ್ಕಿನದನ್ನು ಹಾಕಬೇಡಿ. ಮುಂದಿನ ಸಲ ಬ್ಲೇಡ್ ಬಡಿದಾಗ ಆ ಪೆಟ್ಟು ಕ್ರ್ಯಾಂಕಿಗೆ ಹೋಗುತ್ತದೆ. ಫ್ಲೈವೀಲನ್ನು ನಿಜವಾಗಿ ಹಿಡಿದಿಡುವುದು ಕೀ ಅಲ್ಲ, ಕ್ರ್ಯಾಂಕಿನ ಓರೆಯಾದ ತುದಿ. ಎರಡೂ ಮುಖಗಳನ್ನು ಎಣ್ಣೆಯ ಪಸೆ ಇಲ್ಲದಂತೆ ಒರೆಸಿ, ನಟ್ಟನ್ನು ಟಾರ್ಕ್ ರೆಂಚಿನಿಂದ ಕೈಪಿಡಿಯ ಅಳತೆಗೆ ಬಿಗಿಯಿರಿ.

ಪ್ರಶ್ನೆ: ಕಾರ್ಬೊರೇಟರಿನ ಬಾಯಿಗೆ ಒಂದು ಚಮಚ ಪೆಟ್ರೋಲ್ ಬಿಟ್ಟರೆ ಮೂರು ಸೆಕೆಂಡ್ ಓಡಿ ನಿಲ್ಲುತ್ತದೆ. ಕಾರ್ಬೊರೇಟರನ್ನು ಎರಡು ಸಲ ತೊಳೆದಿದ್ದೇನೆ.

ಆ ಮೂರು ಸೆಕೆಂಡ್ ಒಳ್ಳೆಯ ಸುದ್ದಿ. ಕಂಪ್ರೆಷನ್, ಕಿಡಿ, ಕಿಡಿಯ ಹೊತ್ತು ಮೂರೂ ಸರಿಯಿವೆ, ಪೆಟ್ರೋಲ್ ಒಂದು ಬರುತ್ತಿಲ್ಲ. ಕಾರ್ಬೊರೇಟರನ್ನು ಮೂರನೆಯ ಸಲ ಬಿಚ್ಚುವ ಮೊದಲು ಟ್ಯಾಂಕಿನಿಂದ ಶುರು ಮಾಡಿ. ಟ್ಯಾಂಕಿನ ಮುಚ್ಚಳ ಸಡಿಲಿಸಿ ಓಡಿಸಿ ನೋಡಿ. ಮುಚ್ಚಳದ ಗಾಳಿ ತೂತು ಕಟ್ಟಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ಆಮೇಲೆ ಕಾರ್ಬೊರೇಟರಿನ ಬಳಿ ಪೈಪ್ ಕಳಚಿ ಡಬ್ಬಿಯಲ್ಲಿ ಹಿಡಿಯಿರಿ. ಟ್ಯಾಂಕ್ ಮೇಲಿರುವ ಗಾಡಿಯಲ್ಲಿ ಧಾರೆ ಕಡಿಯದೆ ಬರಬೇಕು. ಪಂಪ್ ಇರುವುದರಲ್ಲಿ ಎಂಜಿನ್ ತಿರುಗಿಸಿದಾಗ ಚಿಮ್ಮಿ ಚಿಮ್ಮಿ ಬರಬೇಕು. ತೊಟ್ಟಿಕ್ಕಿದರೆ ಟ್ಯಾಂಕಿನ ಜಾಲರಿ, ಫಿಲ್ಟರ್ ಅಥವಾ ಒಳಗೇ ಊದಿ ಮುಚ್ಚಿಕೊಂಡ ರಬ್ಬರ್ ಪೈಪ್ ಕಾರಣ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ತಡೆಯುವುದಿಲ್ಲ. ಇಂಧನಕ್ಕೆಂದೇ ಮಾಡಿದ ಹೊಸ ಪೈಪ್ ಹಾಕಿ.

ಪೆಟ್ರೋಲ್ ಅಲ್ಲಿಯವರೆಗೆ ಸರಿಯಾಗಿ ಬಂದರೆ ಮಾತ್ರ ಕಾರ್ಬೊರೇಟರ್. ತೊಳೆಯುವುದೆಂದರೆ ಹೊರಗೆ ಸ್ಪ್ರೇ ಹೊಡೆಯುವುದಲ್ಲ. ಬೌಲ್, ಫ್ಲೋಟ್, ನೀಡಲ್, ಮೇನ್ ಜೆಟ್, ಐಡಲ್ ಸ್ಕ್ರೂ ಎಲ್ಲವೂ ಹೊರಬರಬೇಕು. ರಬ್ಬರ್ ಮತ್ತು ಪ್ಲಾಸ್ಟಿಕ್ ತುಂಡುಗಳನ್ನು ಬೇರೆಯಿಟ್ಟು ಲೋಹದ ಭಾಗಗಳನ್ನು ಕಾರ್ಬೊರೇಟರ್ ಕ್ಲೀನರಿನಲ್ಲಿ ರಾತ್ರಿಯೆಲ್ಲ ನೆನೆಸಿ. ಬೆಳಗ್ಗೆ ಜೆಟ್ಟನ್ನು ಬೆಳಕಿಗೆ ಹಿಡಿಯಿರಿ. ತೂತು ಪೂರ್ಣಚಂದ್ರನಂತೆ ದುಂಡಗೆ, ಅಂಚು ಚೂಪಾಗಿ ಕಾಣಬೇಕು. ಚಂದ್ರನ ಒಂದು ಪಕ್ಕ ಕಂದು ಮೋಡ ಕವಿದಂತಿದ್ದರೆ ಅಂಟು ಇನ್ನೂ ಇದೆ. ಬಹಳ ಜನ ಮೋಸ ಹೋಗುವುದು ಇಲ್ಲೇ: ಪೆಟ್ರೋಲ್ ಹಾಯುತ್ತದೆ, ತೊಳೆದಾಯಿತು ಎಂದುಕೊಳ್ಳುತ್ತಾರೆ, ಆದರೆ ಹಾಯುವುದು ಬೇಕಾದ್ದರ ಅರ್ಧ. ಕರೆಂಟ್ ವೈರಿನೊಳಗಿನ ಒಂದು ತಾಮ್ರದ ಎಳೆಯಿಂದ ಬಿಡಿಸಿ. ಸೂಜಿ, ಡ್ರಿಲ್ ಬಿಟ್ ಬೇಡ. ಹಿತ್ತಾಳೆಯ ತೂತು ಒಮ್ಮೆ ಅಗಲವಾದರೆ ಮತ್ತೆ ಕಿರಿದಾಗದು. ಆಮೇಲೆ ಒಂದೊಂದು ದಾರಿಗೂ ಗಾಳಿ ಊದಿ, ಅದು ಇನ್ನೊಂದು ತುದಿಯಲ್ಲಿ ಬರುತ್ತದೆಯೇ ಬೆರಳಿಟ್ಟು ನೋಡಿ. ಕಣ್ಣಿಗೆ ಕನ್ನಡಕ ಇರಲಿ.

ನೀಡಲಿನ ಮೊನೆಯನ್ನು ಉಗುರಿನಿಂದ ಸವರಿ. ಸುತ್ತ ಗೀರು ಬಿದ್ದಿದ್ದರೆ ಉಗುರು ಅಲ್ಲಿ ತಡೆಯುತ್ತದೆ. ಅಂಥ ನೀಡಲ್ ಸೀಟಿನಲ್ಲಿ ಕೂರದೆ ಪೆಟ್ರೋಲ್ ಉಕ್ಕಿಸುತ್ತದೆ, ಬದಲಿಸಿ. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಗುಳುಗುಳು ಕೇಳಿದರೆ ತೂತಾಗಿದೆ.

ಕೂಡಿಸಿದ ಮೇಲೆ ತಿರುಪಿನ ಮೇನ್ ನೀಡಲ್ ಇದ್ದರೆ ಹಗುರಾಗಿ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ತೆರೆಯಿರಿ, ಐಡಲ್ ಸ್ಕ್ರೂ ಒಂದು ಸುತ್ತು. ಎಂಜಿನ್ ಬಿಸಿಯಾದ ಮೇಲೆ ಪೂರ್ತಿ ವೇಗದಲ್ಲಿ ಮೇನ್ ನೀಡಲನ್ನು ತಡವರಿಸುವವರೆಗೆ ಮುಚ್ಚಿ, ಗರಗರ ಎನ್ನುವವರೆಗೆ ತೆರೆದು, ಇವೆರಡರ ನಡುವೆ ನಿಲ್ಲಿಸಿ. ಹೊರೆ ಬಿದ್ದಾಗ ಸೊರಗಿದರೆ ಇನ್ನೂ ಸುತ್ತಿನ ಎಂಟನೇ ಒಂದು ಭಾಗ ತೆರೆಯಿರಿ. ಚೋಕ್ ಎಳೆದರೆ ಮಾತ್ರ ಓಡುತ್ತದೆ ಎಂದಾದರೆ ಐಡಲ್ ದಾರಿ ಇನ್ನೂ ಕಟ್ಟಿದೆ ಅಥವಾ ಕಾರ್ಬೊರೇಟರಿನ ಗ್ಯಾಸ್ಕೆಟ್ಟಿನಿಂದ ಗಾಳಿ ಎಳೆಯುತ್ತಿದೆ.

ಪ್ರಶ್ನೆ: ಟ್ಯಾಂಕಿನೊಳಗೆ ತುಕ್ಕು. ಉಳಿಸಬಹುದೇ?

ತೂತು ಬಿದ್ದಿರದಿದ್ದರೆ ಖಂಡಿತ. ಟ್ಯಾಂಕ್ ಬಿಚ್ಚಿ, ಪೆಟ್ರೋಲ್ ಪೂರ್ತಿ ತೆಗೆದು, ಸೋಪಿನ ನೀರಲ್ಲಿ ತೊಳೆಯಿರಿ. ಒಂದು ಹಿಡಿ ನಟ್ಟುಗಳನ್ನು ಹಾಕಿ ಕುಲುಕಿ. ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂ ಸಿಟ್ರಿಕ್ ಆಮ್ಲದಂತೆ ಕರಗಿಸಿ ತುಂಬಿ, ಒಂದು ರಾತ್ರಿ ಬಿಡಿ. ಬೆಳಗ್ಗೆ ಚೆಲ್ಲಿ, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಿ. ಒದ್ದೆ ಬಿಟ್ಟರೆ ಗಂಟೆಯೊಳಗೆ ಕಿತ್ತಳೆ ಬಣ್ಣದ ಹೊಸ ತುಕ್ಕು ಏಳುತ್ತದೆ. ಗಾಡಿಗೆ ಹಾಕುವುದು ತಡವಾಗುವುದಾದರೆ ಒಳಗೆ ಸ್ವಲ್ಪ ಎಣ್ಣೆ ಆಡಿಸಿಡಿ. ಪೆಟ್ರೋಲ್ ಇದ್ದ ಟ್ಯಾಂಕಿಗೆ ವೆಲ್ಡಿಂಗ್ ಮಾತ್ರ ಮನೆಯಲ್ಲಿ ಮಾಡಬೇಡಿ. ಖಾಲಿ ಕಂಡರೂ ಒಳಗಿನ ಹಬೆ ಸ್ಫೋಟಿಸುತ್ತದೆ.

ಪ್ರಶ್ನೆ: ಕೀ ತಿರುಗಿಸಿದರೆ ಟಕ್ ಎನ್ನುತ್ತದೆ, ಸೆಲ್ಫ್ ತಿರುಗುವುದಿಲ್ಲ. ಹೊಸ ಸೊಲೆನಾಯ್ಡ್ ಹಾಕಿದರೂ ಅಷ್ಟೇ.

ಸೊಲೆನಾಯ್ಡ್ ಎಂದರೆ ಸ್ಟಾರ್ಟರಿಗೆ ಕರೆಂಟ್ ಕೊಡುವ ಸ್ವಿಚ್ ಅಷ್ಟೇ, ನೀವು ಅದನ್ನು ಅಳೆಯದೆ ಕೊಂಡಿರಿ. ನಿಂತ ಬ್ಯಾಟರಿ ಪೂರ್ತಿ ಚಾರ್ಜಿನಲ್ಲಿ 12.6 ವೋಲ್ಟ್ ತೋರಿಸಬೇಕು. ಕೀ ತಿರುಗಿಸಿ ಹಿಡಿದಾಗ 9.6ರ ಕೆಳಗೆ ಕುಸಿದರೆ ಬ್ಯಾಟರಿ ಹೋಗಿದೆ. ಬ್ಯಾಟರಿ ಸರಿಯಿದ್ದರೆ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಕೀ ತಿರುಗಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಕೆಟ್ಟಿದೆ. ಹಳೆಯ ಗಾಡಿಗಳಲ್ಲಿ ಇದೇ ಹೆಚ್ಚು: ತಂತಿ ಚೆನ್ನಾಗಿ ಕಾಣುತ್ತದೆ, ಅದು ಚಾಸಿಗೆ ಕೂರುವ ಜಾಗದಲ್ಲಿ ಪೇಂಟು, ತುಕ್ಕು. ಬೋಲ್ಟು ಬಿಚ್ಚಿ ಹೊಳೆಯುವವರೆಗೆ ಉಜ್ಜಿ ಬಿಗಿಯಿರಿ. ಟಕ್ ಸದ್ದೂ ಬಾರದಿದ್ದರೆ ಫ್ಯೂಸ್, ಕ್ಲಚ್ಚಿನ ಸ್ವಿಚ್, ಸೀಟಿನ ಸ್ವಿಚ್ ನೋಡಿ. ಆ ಸ್ವಿಚ್ಚುಗಳನ್ನು ವೈರಿನಿಂದ ಜೋಡಿಸಿ ಬಿಡಬೇಡಿ. ಇಳಿದಾಗ ಬ್ಲೇಡ್ ನಿಲ್ಲಿಸುವುದು ಅವೇ.

ಪ್ರಶ್ನೆ: ಮೊದಲು ಪೇಂಟ್ ಮಾಡಿಸಿಬಿಡಲೇ?

ಬೇಡ. ಮೊದಲು ಓಡಲಿ, ಕೆಲಸ ಮಾಡಲಿ, ಸೋರುವುದೆಲ್ಲ ಸೋರಿ ಮುಗಿಯಲಿ.

ಪ್ರಶ್ನೆ: ಎಂಜಿನ್ನಿಗೆ ಶಕ್ತಿ ಸಾಲದು. ಗವರ್ನರ್ ಸ್ಪ್ರಿಂಗ್ ಬಿಗಿ ಮಾಡಬಹುದೇ?

ಗವರ್ನರ್ ಎಂಜಿನ್ನಿನ ವೇಗವನ್ನು ಮಿತಿಯಲ್ಲಿಡುವ ಭಾಗ. ಅದರ ಸ್ಪ್ರಿಂಗ್ ಬಿಗಿದರೆ ವೇಗ ಹೆಚ್ಚುತ್ತದೆ, ಶಕ್ತಿ ಅಲ್ಲ. ಈ ಎಂಜಿನ್ನುಗಳ ಮಿತಿ ಸಾಮಾನ್ಯವಾಗಿ ನಿಮಿಷಕ್ಕೆ 3600 ಸುತ್ತು. ಅದನ್ನು ದಾಟಿಸಿದರೆ ಅಲ್ಯುಮಿನಿಯಂ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನ ಗೋಡೆ ಒಡೆದು ಹೊರಬರುತ್ತದೆ. ಫ್ಲೈವೀಲೇ ಸಿಡಿಯುವ ಅಪಾಯವೂ ಉಂಟು. ಹೊರೆ ಬಿದ್ದಾಗ ಎಂಜಿನ್ ಸೊರಗಿದರೆ ಗವರ್ನರ್ ತೋಳನ್ನು ಹೊಂದಿಸಿ: ತೋಳಿನ ನಟ್ಟು ಸಡಿಲಿಸಿ, ಥ್ರಾಟಲ್ ಪೂರ್ತಿ ತೆರೆಯುವ ಕಡೆಗೆ ತೋಳನ್ನು ತಳ್ಳಿ ಹಿಡಿಯಿರಿ, ತೋಳು ತಿರುಗಿದ ದಿಕ್ಕಿಗೇ ಒಳಗಿನ ಶಾಫ್ಟನ್ನೂ ನಿಲ್ಲುವವರೆಗೆ ತಿರುಗಿಸಿ, ಹಾಗೇ ನಟ್ಟು ಬಿಗಿಯಿರಿ. ಆಮೇಲೂ ಸೊರಗಿದರೆ ವಾಲ್ವ್ ಅಂತರ, ಕಂಪ್ರೆಷನ್ ನೋಡಬೇಕು.

ಪ್ರಶ್ನೆ: ಎಂಜಿನ್ ಜೋರಾಗಿ ಓಡುತ್ತದೆ, ಗಾಡಿ ಏರು ಹತ್ತುವುದಿಲ್ಲ. ಕಾರಿನ ಫ್ಯಾನ್ ಬೆಲ್ಟ್ ಹಾಕಿದ್ದೆ, ಬೇಗ ಸವೆಯಿತು.

ಬೆಲ್ಟಿನಿಂದ ಓಡುವ ಗಾರ್ಡನ್ ಟ್ರ್ಯಾಕ್ಟರಿನಲ್ಲಿ ಸಾಮಾನ್ಯವಾಗಿ ಬೆಲ್ಟೇ ಕ್ಲಚ್. ಪೆಡಲ್ ಒತ್ತಿದಾಗ ಸಡಿಲಾಗಿ ಜಾರುತ್ತದೆ, ಬಿಟ್ಟಾಗ ಹಿಡಿಯುತ್ತದೆ. ಕಾರಿನ ಬೆಲ್ಟ್ ಜಾರುವುದಕ್ಕೆಂದು ಮಾಡಿದ್ದಲ್ಲ. ಬಟ್ಟೆ ಹೊದಿಸಿದ, ಒಳಗೆ ಅರಾಮಿಡ್ ನಾರು ಇರುವ ಬೆಲ್ಟ್ ಬೇಕು. ಅಗಲ ಅಳೆಯಿರಿ: ಮೇಲ್ಭಾಗ ಸುಮಾರು 13 ಮಿ.ಮೀ. ಇದ್ದರೆ ಎ, 17ರ ಹತ್ತಿರವಿದ್ದರೆ ಬಿ ಮಾದರಿ. ಹಳೆಯ ಬೆಲ್ಟ್ ಹಿಗ್ಗಿರುವುದರಿಂದ ಉದ್ದವನ್ನು ಅದರಿಂದ ನಂಬಬೇಡಿ, ಪಾರ್ಟ್ ನಂಬರ್ ಹುಡುಕಿ. ಪುಲ್ಲಿಯ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ತಳ ಮುಟ್ಟುತ್ತಿದೆ ಎಂದರ್ಥ. ಅದು ಹಿಡಿಯಬೇಕಾದದ್ದು ಪಕ್ಕದ ಗೋಡೆಗಳನ್ನು. ಅಂಥ ಪುಲ್ಲಿ ಸವೆದಿದೆ, ಹೊಸ ಬೆಲ್ಟೂ ಜಾರುತ್ತದೆ. ಪುಲ್ಲಿಗಳ ಪಕ್ಕದ ತಂತಿಯ ಕಾವಲುಗಳನ್ನು ಮರಳಿ ಹಾಕಲು ಮರೆಯಬೇಡಿ, ಕ್ಲಚ್ ಒತ್ತಿದಾಗ ಬೆಲ್ಟ್ ಹಾರದಂತೆ ತಡೆಯುವುದು ಅವು. ಹೈಡ್ರೊಸ್ಟ್ಯಾಟಿಕ್ ಗಾಡಿಯಾದರೆ (ಗೇರಿನ ಬದಲು ಎಣ್ಣೆಯ ಒತ್ತಡದಿಂದ ಚಲಿಸುವಂಥದ್ದು) ತಳ್ಳುವುದಕ್ಕೆಂದು ಇರುವ ಬೈಪಾಸ್ ಲಿವರ್ ತೆರೆದೇ ಉಳಿದಿದೆಯೇ ಮೊದಲು ನೋಡಿ.

ಪ್ರಶ್ನೆ: ಹಿಂದಿನ ಚಕ್ರ ಆಕ್ಸಲಿಗೆ ತುಕ್ಕು ಹಿಡಿದು ಕೂತಿದೆ. ಸುತ್ತಿಗೆಯಿಂದ ಹೊಡೆದು ತೆಗೆಯಬಹುದೇ?

ಆಕ್ಸಲಿನ ತುದಿಗೆ ಹೊಡೆದರೆ ಒಳಗೆ ಅದನ್ನು ಹಿಡಿದ ಕ್ಲಿಪ್ ಮುರಿಯುತ್ತದೆ, ಆಗ ಗೇರ್, ಆಕ್ಸಲ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಟ್ರಾನ್ಸ್‌ಆಕ್ಸಲನ್ನೇ ಬಿಚ್ಚಬೇಕು. ತುದಿಯ ಕ್ಲಿಪ್, ವಾಷರ್ ತೆಗೆದು, ಹಬ್ಬಿನ ಎರಡೂ ಕಡೆಯಿಂದ ತುಕ್ಕು ಬಿಡಿಸುವ ಎಣ್ಣೆಯನ್ನು ದಿನಕ್ಕೆ ಎರಡು ಸಲದಂತೆ ನಾಲ್ಕೈದು ದಿನ ಬಿಡಿ. ಆಕ್ಸಲಿನಲ್ಲಿ ಕೀ ಕೂರುವ ಉದ್ದನೆಯ ತೋಡೇ ಎಣ್ಣೆಗೆ ದಾರಿ, ಅದನ್ನು ಮೇಲ್ಮುಖ ಮಾಡಿ ನಿಲ್ಲಿಸಿ. ಆಮೇಲೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ಕೂರಿಸಿ, ಹಬ್ಬಿನ ಸುತ್ತ ಹಗುರಾಗಿ ತಟ್ಟಿ, ಪುಲ್ಲರ್ ಹಾಕಿ ಬಿಗಿದು, ಆ ಬಿಗಿಯಲ್ಲೇ ಒಂದು ರಾತ್ರಿ ಬಿಡಿ. ಬಿಸಿ ಮಾಡುವುದಾದರೆ ಟಯರ್ ಬಿಚ್ಚಿದ ಮೇಲೆಯೇ. ಗಾಳಿ ತುಂಬಿದ ಟಯರಿನ ಹತ್ತಿರ ಬೆಂಕಿ ತಂದರೆ ಅದು ಸಿಡಿಯಬಹುದು. ಆಕ್ಸಲಿನ ಸೀಲ್ ಹತ್ತಿರದಲ್ಲೇ ಇದೆ, ಅದಕ್ಕೂ ಬಿಸಿ ತಾಗಬಾರದು. ಚಕ್ರ ಹೊರಬಂದ ಮೇಲೆ ಆಕ್ಸಲನ್ನು ಉಜ್ಜಿ ತೊಳೆದು, ತಾಮ್ರದ ಪುಡಿ ಬೆರೆತ ಆಂಟಿ ಸೀಜ್ ಗ್ರೀಸನ್ನು ತೆಳ್ಳಗೆ ಸವರಿಯೇ ಮತ್ತೆ ಕೂರಿಸಿ, ಮುಂದಿನ ಸಲ ಬಿಚ್ಚುವಾಗ ಕೈಯಲ್ಲೇ ಬರುತ್ತದೆ.